ದಾಳಿ ಮುಗಿದ ಮೇಲೆ ಕೈಗೆ ಸಿಗಬೇಕಾದ ಕಾಗದ

(ಮಾನವ ಕಳ್ಳಸಾಗಣೆ ತಡೆ ಕುರಿತ ಕಾರ್ಯಾಗಾರವೊಂದರಲ್ಲಿ ಪೊಲೀಸರು, ಕಂದಾಯ ಇಲಾಖೆಯವರು, ಪಿಡಿಒಗಳು ಮತ್ತು ಕಿರಿಯ ವಕೀಲರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಿಂದೆ ಕಟ್ಟಿರುವ ಬ್ಯಾನರ್ ನೋಡಿ. ಸರಪಳಿ ಬಿಗಿದ ಕೈ, ಕತ್ತಲಲ್ಲಿ ಕೂತ ಹುಡುಗಿ. ಕಳ್ಳಸಾಗಣೆ ಅಂದರೆ ಎಲ್ಲ ಕಡೆ ಇದೇ ಚಿತ್ರ. ಅಂಥ ಪ್ರಕರಣ ಇಲ್ಲವೇ ಇಲ್ಲ ಅಂತ ಅಲ್ಲ. ಆದರೆ ನನ್ನ ಟೇಬಲ್ ಮೇಲಿರುವ ಫೈಲುಗಳಲ್ಲಿ ಸರಪಳಿ ಸಿಗುವುದಿಲ್ಲ, ಬೀಗವೂ ಅಪರೂಪ. ಜಾಸ್ತಿ ಇರುವುದು ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ಕೋಳಿ ಫಾರಂ. ಗೇಟು ಹಗಲೆಲ್ಲ ತೆಗೆದೇ ಇರುತ್ತದೆ. ಸಂತೆ ದಿನ ಗಂಡಸರು ಸಂತೆಗೂ ಹೋಗಿ ಬರುತ್ತಾರೆ. "ಓಡಾಡಿಕೊಂಡು ಆರಾಮಾಗಿದ್ದಾರಲ್ಲ ಮೇಡಂ, ಇದರಲ್ಲಿ ಬಂಧನ ಎಲ್ಲಿ ಬಂತು?" ಅಂತ ಸ್ಟೇಷನ್ನಿನಲ್ಲಿ ಕೇಳುತ್ತಾರೆ.

ಸಂತೆಗೆ ಯಾರು ಹೋದರು ಅಂತ ನೋಡಿದರೆ ಸಾಲದು, ಯಾರನ್ನು ಬಿಟ್ಟು ಹೋದರು ಅಂತ ನೋಡಬೇಕು. ಗಂಡ ಹೋದರೆ ಹೆಂಡತಿ, ಮಕ್ಕಳು ಗೂಡಿನಲ್ಲೇ ಉಳಿಯಬೇಕು. ಮನೆಯವರೆಲ್ಲ ಚೀಲ ಹಿಡಿದು ಒಟ್ಟಿಗೆ ಹೊರಟರೆ ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಮೇಸ್ತ್ರಿಯ ಬೈಕ್ ಹಿಂದೆ ಬಂದಿರುತ್ತದೆ. ಗೇಟಿಗೆ ಬೀಗ ಯಾಕೆ ಬೇಕು ಹೇಳಿ?

ಇದು ಶುರುವಾಗುವುದು ಇಲ್ಲಿ ಅಲ್ಲ. ಬೆಂಗಳೂರಿನ ಸುತ್ತಲಿನ ಗೂಡುಗಳಿಗೆ ತುಂಬ ಜನ ಬರುವುದು ಪಶ್ಚಿಮ ಒಡಿಶಾದ ಬಲಾಂಗೀರ್, ನುವಾಪಾಡಾ ಜಿಲ್ಲೆಗಳಿಂದ. ಮಳೆ ಆಧಾರದ ಭೂಮಿ, ಒಂದೇ ಬೆಳೆ. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಅಲ್ಲಿ ನುವಾಖಾಯಿ, ಹೊಸ ಅಕ್ಕಿಯ ಹಬ್ಬ. ಹಬ್ಬ ಬಂತು ಅಂದರೆ ಖರ್ಚು, ಖರ್ಚು ಅಂದರೆ ಸಾಲ. ಸರ್ದಾರ, ಅಂದರೆ ಗೂಡಿಗೆ ಆಳು ಕಲೆಹಾಕುವ ದಲ್ಲಾಳಿ, ಊರಿಗೆ ಕಾಲಿಡುವುದು ಸರಿಯಾಗಿ ಅದೇ ಹೊತ್ತಿಗೆ. ಮುಂಗಡವನ್ನು ಅವನು ಒಬ್ಬೊಬ್ಬರಿಗೆ ಕೊಡುವುದಿಲ್ಲ, ಗುಂಪಿನ ಲೆಕ್ಕದಲ್ಲಿ ಕೊಡುತ್ತಾನೆ. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ಮಗು ಸೇರಿದರೆ ಒಂದು ಗುಂಪು. ಮಗು ಯಾಕೆ ಅಂತೀರಾ? ಅರೆ ಒಣಗಿದ ಇಟ್ಟಿಗೆಯನ್ನು ಮಗುಚಿ ಹಾಕಲು. ಮಗುವಿನ ಕಾಲಿಗೆ ಭಾರ ಇಲ್ಲ, ಹಸಿ ಇಟ್ಟಿಗೆಯ ಸಾಲಿನ ಮೇಲೆ ನಡೆದರೂ ಇಟ್ಟಿಗೆ ಮುರಿಯುವುದಿಲ್ಲ.

ನಮ್ಮ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು ಗುಳೆ ಹೋಗುವುದೂ ಬಹಳಷ್ಟು ಸಲ ಇಂಥ ಮುಂಗಡದ ಮೇಲೆಯೇ. ಗುಳೆ ಹೋಗುವುದು ಅಪರಾಧ ಅಲ್ಲ. ದಯವಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಗಂಟುಮೂಟೆ ಹೊತ್ತು ನಿಂತ ಕುಟುಂಬವನ್ನು ತಡೆದು "ಕಳ್ಳಸಾಗಣೆ ತಡೆದೆವು" ಅಂತ ಪತ್ರಿಕೆಗೆ ಫೋಟೋ ಕೊಡಬೇಡಿ. ದುಡಿಮೆ ಹುಡುಕಿಕೊಂಡು ಹೋಗುವುದು ಅವರ ಹಕ್ಕು. ಹೋದ ಜಾಗದಿಂದ ಬೇಡ ಅಂದಾಗ ವಾಪಸ್ ಬರಲು ಆಗುತ್ತದಾ, ಇಲ್ಲವಾ? ನಾವು ನೋಡಬೇಕಾದ್ದು ಅದನ್ನು.

ಇದೆಲ್ಲ ಹೊರಗಿನವರ ಕಥೆ ಅಂದುಕೊಂಡವರಿಗೆ 2018ರ ಡಿಸೆಂಬರ್ ನೆನಪಿಸುತ್ತೇನೆ. ಹಾಸನ ಜಿಲ್ಲೆಯ ಅರಸೀಕೆರೆ ತಾಲೂಕಿನಲ್ಲಿ 52 ಜನರನ್ನು ಬಿಡಿಸಿದರು. ಕೂಲಿ ಕೊಡಿಸುತ್ತೇವೆ ಅಂತ ಕರೆತಂದು, ಹಗಲು ಹೊಲದ ಕೆಲಸ ಮಾಡಿಸಿ, ರಾತ್ರಿ ಶೆಡ್ಡಿನಲ್ಲಿ ಕೂಡಿ ಹಾಕುತ್ತಿದ್ದರು. ಅವರಲ್ಲಿ ಕರ್ನಾಟಕದವರೂ ಇದ್ದರು, ಆಂಧ್ರ, ತೆಲಂಗಾಣದವರೂ ಇದ್ದರು. ಒಬ್ಬರು ತಪ್ಪಿಸಿಕೊಂಡು ಬಂದು ಹೇಳಿದ ಮೇಲೆಯೇ ವಿಷಯ ಹೊರಬಿದ್ದದ್ದು.

ಇಲ್ಲಿ ಸಭೆಯಿಂದ ಒಬ್ಬ ಪಿಎಸ್‌ಐ ಕೇಳಿದರು: "ದುಡ್ಡು ಅವರೇ ಕೈಯೊಡ್ಡಿ ತಗೊಂಡಿದ್ದಾರೆ. ಅವರೇ ರೈಲು ಹತ್ತಿ ಬಂದಿದ್ದಾರೆ. ಮಾಲೀಕ ಏನು ಮಾಡಿದ ಹಾಗಾಯಿತು?"

ಒಳ್ಳೆಯ ಪ್ರಶ್ನೆ. ಡಿಫೆನ್ಸ್ ವಕೀಲರು ಕೋರ್ಟಿನಲ್ಲಿ ಕೇಳುವುದೂ ಇದನ್ನೇ. ಉತ್ತರ ಕಾನೂನಿನಲ್ಲೇ ಇದೆ. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ಒಂದೇ ಸಾಲಿನಲ್ಲಿ ನಿಷೇಧಿಸಿದೆ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರದ್ದು, ಆದರೆ ಜಾರಿಯಾದದ್ದು 1975ರ ಅಕ್ಟೋಬರ್ 25ರಿಂದಲೇ. ಮುಂಗಡದ ಸಾಲಕ್ಕೆ ಬದಲಾಗಿ ದುಡಿಯುವವನು ಬೇರೆ ಕಡೆ ಕೆಲಸಕ್ಕೆ ಹೋಗುವ, ಓಡಾಡುವ ಸ್ವಾತಂತ್ರ್ಯ ಕಳೆದುಕೊಂಡರೆ ಅದು ಜೀತ. ಕನಿಷ್ಠ ಕೂಲಿ ಸಿಗದಿದ್ದರೂ ಅಷ್ಟೇ. ಆ ಸಾಲ ಆ ಕ್ಷಣಕ್ಕೆ ಸತ್ತಂತೆ. ಮಾಲೀಕ ವಸೂಲಿ ಮಾಡುವಂತಿಲ್ಲ.

1982ರಲ್ಲಿ ದೆಹಲಿ ಏಷ್ಯನ್ ಗೇಮ್ಸ್ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ದುಡಿಯುತ್ತಿದ್ದಾನೆ ಅಂದರೆ ಯಾವುದೋ ಬಲವಂತ ಇದ್ದೇ ಇರುತ್ತದೆ, ಹಸಿವು ಮತ್ತು ಬಡತನವೂ ಬಲವಂತವೇ ಅಂತ ನ್ಯಾಯಮೂರ್ತಿ ಭಗವತಿ ಅವರ ಪೀಠ ಹೇಳಿತು. ಕೈಯೊಡ್ಡಿದ್ದು ನಿಜ ಸಾರ್. ಯಾಕೆ ಒಡ್ಡಿದ ಅನ್ನುವುದೂ ಸಾಕ್ಷ್ಯವೇ.

ಇನ್ನೊಂದು ಅನುಕೂಲ ಬಹಳ ಜನಕ್ಕೆ ಗೊತ್ತಿಲ್ಲ. 1976ರ ಕಾಯ್ದೆಯ 15ನೇ ಕಲಂ ಪ್ರಕಾರ, ಇದು ಜೀತದ ಸಾಲ ಅಂತ ಕಾರ್ಮಿಕ ಹೇಳಿದ ಮೇಲೆ, ಅಲ್ಲ ಅಂತ ತೋರಿಸುವ ಹೊಣೆ ಸಾಲ ಕೊಟ್ಟವನದ್ದು. ಆದರೂ ನಮ್ಮ ಕಚೇರಿಗಳಲ್ಲಿ "ಜೀತ ಅನ್ನೋದಕ್ಕೆ ನಿನ್ನತ್ರ ದಾಖಲೆ ಏನಿದೆ?" ಅಂತ ಕೇಳುವುದು ಓದು ಬಾರದ ಹೆಂಗಸನ್ನು!

ಈಗ ಕಳ್ಳಸಾಗಣೆಯ ಕಲಮಿಗೆ ಬರೋಣ. 2013ರಲ್ಲಿ ತಿದ್ದುಪಡಿಯಾದ ಐಪಿಸಿ 370, ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 143. ಅದಕ್ಕೂ ಮುಂಚಿನ ಕೃತ್ಯಕ್ಕೆ 370ನ್ನೇ ಹಾಕಬೇಕು. ಶೋಷಣೆಯ ಉದ್ದೇಶದಿಂದ, ಮೋಸ ಮಾಡಿ, ಬೆದರಿಸಿ ಅಥವಾ ಆಮಿಷ ತೋರಿಸಿ ಜನರನ್ನು ಕಲೆಹಾಕುವುದು, ಸಾಗಿಸುವುದು, ಇಟ್ಟುಕೊಳ್ಳುವುದು, ಬರಮಾಡಿಕೊಳ್ಳುವುದು ಎಲ್ಲವೂ ಅಪರಾಧ. ಅವರು ಒಪ್ಪಿದ್ದರು ಅನ್ನುವುದಕ್ಕೆ ಬೆಲೆ ಇಲ್ಲ ಅಂತ ಕಲಂ ಬಾಯಿಬಿಟ್ಟು ಹೇಳುತ್ತದೆ. ಅಂದರೆ ಸರ್ದಾರ ಮಾತ್ರ ಅಲ್ಲ, ಬರಮಾಡಿಕೊಂಡ ಗೂಡಿನ ಮಾಲೀಕನೂ ಬರುತ್ತಾನೆ.

ಪೊಲೀಸರು ಇಲ್ಲಿ ಹಿಂಜರಿಯುವುದಕ್ಕೆ ಒಂದು ಕಾರಣ ಇದೆ. 2013ರ ಫೆಬ್ರವರಿಯ ಸುಗ್ರೀವಾಜ್ಞೆಯಲ್ಲಿ "ಬಲವಂತದ ದುಡಿಮೆ" ಅನ್ನುವ ಮಾತು ಇತ್ತು. ಕಾಯ್ದೆಯಾಗಿ ಬರುವಾಗ ಅದನ್ನು ಕೈಬಿಟ್ಟರು. ಹಾಗಾಗಿ "ಇದು ಲೇಬರ್ ಡಿಪಾರ್ಟ್‌ಮೆಂಟ್ ಮ್ಯಾಟರ್" ಅಂತ ತಳ್ಳಿಹಾಕುವುದು ಸುಲಭವಾಯಿತು. ಆದರೆ "ದೈಹಿಕ ಶೋಷಣೆ", "ಗುಲಾಮಗಿರಿಯಂಥ ಪದ್ಧತಿಗಳು" ಅನ್ನುವ ಮಾತುಗಳು ಕಾಯ್ದೆಯಲ್ಲಿ ಇವೆ. ಜೀತ ಇವೆರಡರ ಒಳಗೂ ಬರುತ್ತದೆ. ಇದು ಸುಮ್ನೆ ವಕೀಲರ ಜಗಳ ಅಲ್ಲ. ಜೀತ ಕಾಯ್ದೆಯಲ್ಲಿ ಶಿಕ್ಷೆ ಹೆಚ್ಚೆಂದರೆ 3 ವರ್ಷ, ದಂಡ 2,000 ರೂಪಾಯಿವರೆಗೆ. 143ರಲ್ಲಿ ಒಬ್ಬರನ್ನು ಸಾಗಿಸಿದರೆ 7ರಿಂದ 10 ವರ್ಷ, ಒಬ್ಬರಿಗಿಂತ ಹೆಚ್ಚು ಜನರಿದ್ದರೆ ಅಥವಾ ಮಗು ಇದ್ದರೆ 10 ವರ್ಷದಿಂದ ಜೀವಾವಧಿ. ಎಫ್‌ಐಆರ್‌ನಲ್ಲಿ ಯಾವ ಕಲಂ ಬಿತ್ತು ಅನ್ನುವುದರ ಮೇಲೆ ಆರೋಪಿ ಸಂಜೆ ಮನೆಗೆ ಹೋಗುತ್ತಾನಾ ಇಲ್ಲವಾ ಅನ್ನುವುದು ನಿಂತಿರುತ್ತದೆ. ನೊಂದವರು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯನ್ನೂ ನೋಡಿ. ಜೀತ ಮಾಡಿಸುವುದು ಅಲ್ಲಿ ಪ್ರತ್ಯೇಕ ಅಪರಾಧ.

ಸರಿ, ದಾಳಿ ದಿನಕ್ಕೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು.

ಒಂದು ಗೂಡು. ಎಸಿ (ಉಪವಿಭಾಗಾಧಿಕಾರಿ) ಕಚೇರಿಯವರು, ಪೊಲೀಸರು, ಕಾರ್ಮಿಕ ನಿರೀಕ್ಷಕರು ಮೂರು ಜೀಪಿನಲ್ಲಿ ಬಂದಿದ್ದಾರೆ. ಕಾರ್ಮಿಕರನ್ನು ಸಾಲಾಗಿ ಕೂರಿಸಿದ್ದಾರೆ. ಮಾಲೀಕ ಕುರ್ಚಿ ಹಾಕಿಸಿ ಎಳನೀರು ತರಿಸಿದ್ದಾನೆ. ಕಾರ್ಮಿಕರಿಗೆ ಕನ್ನಡ ಬರುವುದಿಲ್ಲ, ಹೆಂಗಸರಿಗೆ ಹಿಂದಿಯೂ ಬರುವುದಿಲ್ಲ. ಅವರ ಮಾತು ಸಂಬಲ್ಪುರಿ. ಎರಡೂ ಬಲ್ಲವನು ಅಲ್ಲಿ ಒಬ್ಬನೇ, ಸರ್ದಾರ. ಅಧಿಕಾರಿ ಅವನನ್ನೇ ಕರೆದು "ಇವರಿಗೆ ಏನಾದ್ರೂ ತೊಂದರೆ ಇದೆಯಾ ಕೇಳಪ್ಪಾ" ಅನ್ನುತ್ತಾರೆ. ಅವನು ಏನೋ ಕೇಳುತ್ತಾನೆ. ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. "ಏನೂ ತೊಂದರೆ ಇಲ್ವಂತೆ ಸಾರ್." ಹೇಳಿಕೆ ಬರೆದುಕೊಂಡಾಯಿತು, ಹೆಬ್ಬೆಟ್ಟು ಒತ್ತಿಸಿದ್ದಾಯಿತು. ನಾಲ್ಕು ವರ್ಷದ ನಂತರ ಆ ಹಾಳೆಯೇ ಕೋರ್ಟಿನಲ್ಲಿ ಆರೋಪಿಯ ಕೈಯಲ್ಲಿ ಇರುತ್ತದೆ.

ಆದ್ದರಿಂದ ಭಾಷೆ ಬಲ್ಲವರನ್ನು ನೀವೇ ಕರೆದುಕೊಂಡು ಹೋಗಿ. ಜನರನ್ನು ಮೊದಲು ಆ ಜಾಗದಿಂದ ಬೇರೆ ಕಡೆ ಕರೆತನ್ನಿ, ಊಟ ಹಾಕಿ, ಆಮೇಲೆ ಕೇಳಿ. ಹೆಂಗಸರನ್ನು ಗಂಡಂದಿರಿಂದ ಬೇರೆ ಕೂರಿಸಿ ಮಹಿಳಾ ಸಿಬ್ಬಂದಿ ಮಾತಾಡಿಸಲಿ. "ತೊಂದರೆ ಇದೆಯಾ" ಅಂತ ಯಾರೂ ಯಾರನ್ನೂ ಕೇಳಬೇಡಿ. ಆಧಾರ್ ಕಾರ್ಡು ಯಾರ ಹತ್ತಿರ ಇದೆ? ವಾರಕ್ಕೆ ಕೈಗೆ ಎಷ್ಟು ಬರುತ್ತದೆ? ಊರಲ್ಲಿ ಯಾರಾದರೂ ಸತ್ತಾಗ ಹೋಗಲು ಬಿಟ್ಟರಾ? ಬಿಟ್ಟರೆ ಯಾರನ್ನು ಇಲ್ಲಿ ಉಳಿಸಿಕೊಂಡರು? ಮುಂಚೆ ಯಾರಾದರೂ ಓಡಿಹೋಗಿದ್ದರಾ, ಅವರಿಗೆ ಏನಾಯಿತು? ಕೊನೆಯ ಪ್ರಶ್ನೆಗೆ ಸಾಮಾನ್ಯವಾಗಿ ಮೊದಲು ಮೌನ, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡುತ್ತಾರೆ.

ಮತ್ತೆ ಆ ನೋಟ್‌ಬುಕ್. ಅದನ್ನು ಬಿಟ್ಟು ಬರಲೇಬೇಡಿ. ಮೇಸ್ತ್ರಿಯ ಬೈಕಿನ ಡಿಕ್ಕಿಯಲ್ಲೋ, ಆಫೀಸ್ ರೂಮಿನ ದೇವರ ಫೋಟೋ ಹಿಂದೆಯೋ ಇರುತ್ತದೆ. ಶಾಲೆ ಮಕ್ಕಳ ಗೆರೆ ಹಾಳೆಯ ಪುಸ್ತಕ. ಒಂದು ಕುಟುಂಬಕ್ಕೆ ಒಂದು ಪುಟ. ಮೇಲೆ ಮುಂಗಡ. ಅದರ ಕೆಳಗೆ ರೈಲು ಚಾರ್ಜು, ಟಾರ್ಪಲ್, ಜ್ವರದ ಮಾತ್ರೆ, ರೀಚಾರ್ಜು. ಪ್ರತಿ ವಾರ ಊಟದ ಖರ್ಚಿಗೆ ಅಂತ ಕೊಡುವ ಖರ್ಚಿ ಬೇರೆ. ಸಾವಿರ ಇಟ್ಟಿಗೆಗೆ ಇಷ್ಟು ಅಂತ ಮಾತಾಗಿರುತ್ತದೆ, ಆದರೆ ಎಷ್ಟು ಸಾವಿರ ಹೊಡೆದರು ಅನ್ನುವುದಕ್ಕೆ ಮಾತ್ರ ಆ ಪುಟದಲ್ಲಿ ಜಾಗವೇ ಇರುವುದಿಲ್ಲ. ಮಳೆಗೆ ಕರಗಿದ ಇಟ್ಟಿಗೆ ಕಾರ್ಮಿಕನ ಲೆಕ್ಕಕ್ಕೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ನಿಮಗೆ ಯಾವ ಲ್ಯಾಬೂ ಕೊಡುವುದಿಲ್ಲ. ಮಹಜರಿನಲ್ಲಿ ಪುಟದ ಸಂಖ್ಯೆ ಸಮೇತ ಬರೆಯಿರಿ. ಮುಂಗಡ ಈಗೀಗ ಫೋನಿನಲ್ಲೇ ಹೋಗುತ್ತದೆ, ಆ ವಿವರವನ್ನೂ ತೆಗೆಸಿ.

ಇಷ್ಟೆಲ್ಲ ಆದ ಮೇಲೆ ತುಂಬ ಕಡೆ ಏನಾಗುತ್ತದೆ ಗೊತ್ತಾ? ಮಾಲೀಕನಿಂದ ಒಂದಿಷ್ಟು ಬಾಕಿ ಕೂಲಿ ಕೊಡಿಸಿ, ಜನರನ್ನು ರೈಲು ಹತ್ತಿಸಿ, ಫೈಲು ಮುಚ್ಚುತ್ತಾರೆ. ಎಲ್ಲರಿಗೂ ನೆಮ್ಮದಿ. ಆ ಕುಟುಂಬಕ್ಕೆ ಮಾತ್ರ ಸಿಗಬೇಕಾದ ಕಾಗದ ಸಿಗಲೇ ಇಲ್ಲ.

ಬಿಡುಗಡೆ ಪತ್ರ. ಎಸಿ ಅಥವಾ ಡಿಸಿ ಸಹಿ ಮಾಡಿ ಕೊಡುವ ಒಂದೇ ಒಂದು ಹಾಳೆ. ಇಂಥವರು ಜೀತದಲ್ಲಿದ್ದರು, ಇಂದಿನಿಂದ ಬಿಡುಗಡೆಯಾಗಿದ್ದಾರೆ, ಇವರ ಸಾಲ ರದ್ದಾಗಿದೆ ಅಂತ ಅದರಲ್ಲಿ ಇರುತ್ತದೆ. ಅದು ಇಲ್ಲದಿದ್ದರೆ ಸರ್ದಾರ ಮುಂದಿನ ವಾರ ಊರಿಗೆ ಹೋಗಿ "ನನ್ನ ದುಡ್ಡು ಎಲ್ಲಿ?" ಅನ್ನುತ್ತಾನೆ. ಪುನರ್ವಸತಿ ಹಣಕ್ಕೂ ಅದೇ ಬಾಗಿಲು. 2016ರ ಕೇಂದ್ರ ಯೋಜನೆಯಲ್ಲಿ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಕಳ್ಳಸಾಗಣೆಯಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಇದೆ. ತಕ್ಷಣದ ನೆರವು ಮೊದಲು 20,000 ಇತ್ತು, ಆಮೇಲೆ 30,000ದವರೆಗೆ ಏರಿಸಿದರು.

ಇದರಲ್ಲಿ ಒಂದು ಅನ್ಯಾಯ ನನ್ನನ್ನು ಬಿಡದೆ ಕಾಡುತ್ತದೆ. ಗೂಡಿನ ಲೆಕ್ಕದಲ್ಲಿ ಹೆಂಡತಿ, ಮಗು ಸೇರಿ ಒಂದು ಗುಂಪು. ದುಡಿಸುವಾಗ ಮೂರು ಜೊತೆ ಕೈ. ಪತ್ರ ಬರೆಯುವಾಗ ಮಾತ್ರ "ಇಂಥವನು ಮತ್ತು ಕುಟುಂಬ" ಅಂತ ಗಂಡನ ಹೆಸರಿನಲ್ಲಿ ಒಂದೇ ಹಾಳೆ. ಒಂದು ಪೆನ್ನಿನ ಗೀಟಿನಲ್ಲಿ ಹೆಂಗಸಿನ 2 ಲಕ್ಷ, ಮಗುವಿನ 2 ಲಕ್ಷ ಮಾಯ. ದುಡಿದ ಒಬ್ಬೊಬ್ಬರಿಗೂ ಒಂದೊಂದು ಪತ್ರ ಕೊಡಿ. ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಬರೆಯಿರಿ. ಕನ್ನಡದ ಕಿವಿಗೆ ಕೇಳಿದ ಹಾಗೆ ಒಡಿಯಾ ಹೆಸರು ಬರೆದು, ಅದು ಅಲ್ಲಿನ ಬ್ಯಾಂಕಿನಲ್ಲಿ ಹೊಂದದೆ, ಹಣ ವಾಪಸ್ ಬಂದ ಪ್ರಕರಣ ನೋಡಿದ್ದೇನೆ.

ಅಧಿಕಾರಿಗಳು ಪತ್ರ ಕೊಡಲು ಯಾಕೆ ಹಿಂದೆ ಮುಂದೆ ನೋಡುತ್ತಾರೆ? ಪತ್ರ ಕೊಟ್ಟರೆ ತನ್ನ ವ್ಯಾಪ್ತಿಯಲ್ಲಿ ಜೀತ ಇತ್ತು ಅಂತ ಒಪ್ಪಿಕೊಂಡ ಹಾಗೆ. ಮೇಲಿನವರು ಇಷ್ಟು ದಿನ ಏನು ಮಾಡುತ್ತಿದ್ದಿರಿ ಅನ್ನುತ್ತಾರೆ. ಈ ಭಯ ನನಗೆ ಅರ್ಥವಾಗುತ್ತದೆ. ಆದರೆ ಜೀತ ಪತ್ತೆಯಾದ ತಾಲೂಕು ಕೆಟ್ಟ ತಾಲೂಕು ಅನ್ನುವ ಲೆಕ್ಕವೇ ತಪ್ಪು. ಬಿಡುಗಡೆ ಮಾಡಿ ಪುನರ್ವಸತಿ ಕೊಡದಿದ್ದರೆ ಜನ ಮತ್ತೆ ಜೀತಕ್ಕೇ ಬೀಳುತ್ತಾರೆ ಅಂತ ಸುಪ್ರೀಂ ಕೋರ್ಟ್ 1984ರಲ್ಲೇ ನೀರಜಾ ಚೌಧರಿ ಪ್ರಕರಣದಲ್ಲಿ ಹೇಳಿದೆ.

ಲೈಂಗಿಕ ಶೋಷಣೆಗಾಗಿ ಸಾಗಿಸಿದ ಹೆಣ್ಣುಮಕ್ಕಳ ಬಗ್ಗೆ ಬೇರೆಯೇ ಒಂದು ದಿನ ಮಾತಾಡಬೇಕು. ಇಲ್ಲಿ ಒಂದೇ ಮಾತು. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 17ನೇ ಕಲಂ ಪ್ರಕಾರ ರಕ್ಷಿಸಿದವರನ್ನು ಮ್ಯಾಜಿಸ್ಟ್ರೇಟರು 1ರಿಂದ 3 ವರ್ಷದವರೆಗೆ ರಕ್ಷಣಾ ಗೃಹದಲ್ಲಿ ಇರಿಸಬಹುದು. ಮಗುವಿನ ವಿಚಾರ ಬೇರೆ, ಅಲ್ಲಿ ಮಕ್ಕಳ ಕಲ್ಯಾಣ ಸಮಿತಿ ಇದೆ. ಆದರೆ ಮೂವತ್ತು ದಾಟಿದ, ಊರಲ್ಲಿ ಇಬ್ಬರು ಮಕ್ಕಳಿರುವ ಹೆಂಗಸನ್ನು ಅವಳ ಮಾತು ಕೇಳದೆ ವರ್ಷಗಟ್ಟಲೆ ಒಳಗಿಟ್ಟರೆ ಅದನ್ನು ನೆರವು ಅನ್ನಲು ನನಗೆ ಬಾಯಿ ಬರುವುದಿಲ್ಲ. 2022ರ ಬುದ್ಧದೇವ್ ಕರ್ಮಸ್ಕರ್ ಪ್ರಕರಣದ ಆದೇಶದಲ್ಲಿ ಸುಪ್ರೀಂ ಕೋರ್ಟ್, ಇಷ್ಟಕ್ಕೆ ವಿರುದ್ಧವಾಗಿ ಗೃಹಗಳಲ್ಲಿ ಇರಿಸಿರುವ ವಯಸ್ಕ ಹೆಂಗಸರ ಪ್ರಕರಣ ಪರಿಶೀಲಿಸಿ ಬಿಡುಗಡೆಗೆ ಕ್ರಮ ತೆಗೆದುಕೊಳ್ಳಿ ಅಂದಿದೆ. ಒಳಗೆ ಕೂತು ಸಿಟ್ಟಾದ ಹೆಂಗಸು ಕೋರ್ಟಿಗೆ ಬಂದು ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತಾಳೆ ಅಂತ ಯಾವ ಧೈರ್ಯದ ಮೇಲೆ ನಂಬುತ್ತೀರಿ?

ಸಾಕ್ಷಿ ಅಂದೆನಲ್ಲ, ಇಂಥ ಕೇಸುಗಳು ಸೋಲುವುದೇ ಅಲ್ಲಿ. ವಿಚಾರಣೆ ಶುರುವಾಗುವ ಹೊತ್ತಿಗೆ ವರ್ಷಗಳಾಗಿರುತ್ತವೆ. ಸಮನ್ಸ್ ಬಲಾಂಗೀರಿನ ಒಂದು ಹಳ್ಳಿಗೆ ಹೋಗಬೇಕು. ಅಷ್ಟರಲ್ಲಿ ಆ ಮನುಷ್ಯ ತೆಲಂಗಾಣದ ಇನ್ನೊಂದು ಗೂಡಿನಲ್ಲಿ ಇರುತ್ತಾನೆ. ಸಿಕ್ಕಿದರೂ, ಎರಡು ರಾತ್ರಿ ರೈಲಿನಲ್ಲಿ ಬಂದು, ಕೂಲಿ ಬಿಟ್ಟು, "ಜಡ್ಜ್ ರಜೆ, ಮುಂದಿನ ತಿಂಗಳು ಬಾ" ಅನ್ನಿಸಿಕೊಂಡು ಹೋದವನು ಮತ್ತೆ ಬರುತ್ತಾನಾ? ಮಾಲೀಕನ ಕಡೆಯವನು ಮಾತ್ರ ಊರಿಗೇ ಹೋಗಿ ಒಂದಿಷ್ಟು ದುಡ್ಡು ಕೊಟ್ಟು ಬಂದಿರುತ್ತಾನೆ. ಆಮೇಲೆ ನಾವು "ಸಾಕ್ಷಿ ತಿರುಗಿಬಿದ್ದ" ಅಂತ ಅವನನ್ನೇ ಬೈಯುತ್ತೇವೆ.

ನೆರವು ಬೇರೆ, ತನಿಖೆ ಬೇರೆ ಅನ್ನುವ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಪೊಲೀಸರು ಹಿಡಿಯುತ್ತಾರೆ, ಎನ್‌ಜಿಒದವರು ಕಂಬಳಿ ಕೊಡುತ್ತಾರೆ. ನಾನು ಕಂಡಂತೆ, ತಕ್ಷಣದ ನೆರವು ಕೈಗೆ ಬಂದ ಕುಟುಂಬ ಊರಲ್ಲೇ ಉಳಿಯುತ್ತದೆ, ಊರಲ್ಲಿ ಉಳಿದವರು ಸಮನ್ಸಿಗೆ ಸಿಗುತ್ತಾರೆ, ಸಾಲದ ಭಯ ಇಲ್ಲದವರು ಕಟಕಟೆಯಲ್ಲಿ ಮಾತಾಡುತ್ತಾರೆ. ಐಒ (ತನಿಖಾಧಿಕಾರಿ) ಸಾಹೇಬರೇ, ನಿಮ್ಮ ಚಾರ್ಜ್‌ಶೀಟು ನಿಲ್ಲಬೇಕಾದರೆ ತಹಶೀಲ್ದಾರ್ ಕಚೇರಿಗೆ ನೀವೂ ಒಂದು ಫೋನ್ ಮಾಡಿ, ಆ 30,000 ಹೋಯಿತಾ ಅಂತ ಕೇಳಬೇಕು. ಯೋಜನೆಯ ದೊಡ್ಡ ಮೊತ್ತವನ್ನು ಶಿಕ್ಷೆಯಾಗುವುದಕ್ಕೆ ಗಂಟು ಹಾಕಿದ್ದು ನನ್ನ ಪ್ರಕಾರ ತಲೆಕೆಳಗಿನ ಕೆಲಸ. ಹಣ ಬಂದರೆ ಸಾಕ್ಷಿ ನಿಲ್ಲುತ್ತಾನೆ. ನಾವು ಸಾಕ್ಷಿ ನಿಂತರೆ ಹಣ ಅನ್ನುತ್ತಿದ್ದೇವೆ.

ಈಗ ದಾರಿಗಳೂ ಇವೆ. ಬೇರೆ ರಾಜ್ಯಕ್ಕೆ ಸಾಗಿಸಿದ ಮಕ್ಕಳ ಸಾಕ್ಷ್ಯವನ್ನು ಅವರ ಊರಿನ ಹತ್ತಿರದಿಂದಲೇ ವಿಡಿಯೋ ಮೂಲಕ ಪಡೆಯಲು ಸುಪ್ರೀಂ ಕೋರ್ಟ್ 2022ರಲ್ಲಿ ನಿರ್ದೇಶನ ಕೊಟ್ಟಿದೆ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ದೊಡ್ಡವರ ಸಾಕ್ಷ್ಯಕ್ಕೂ ಅವಕಾಶ ಇದೆ. ಪ್ರಾಸಿಕ್ಯೂಟರ್ ಅರ್ಜಿ ಹಾಕಬೇಕು ಅಷ್ಟೇ. 2018ರ ಸಾಕ್ಷಿ ರಕ್ಷಣಾ ಯೋಜನೆಯೂ ಹಾಗೇ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಸಿಗುವ ಪರಿಹಾರಕ್ಕೆ ಶಿಕ್ಷೆಯಾಗುವ ತನಕ ಕಾಯಬೇಕಾಗಿಲ್ಲ, ಮಧ್ಯಂತರ ಪರಿಹಾರ ಕೇಳಬಹುದು. ಕಿರಿಯ ವಕೀಲರು ಇಲ್ಲಿ ತುಂಬ ಜನ ಇದ್ದೀರಿ. ಈ ಅರ್ಜಿ ಎರಡು ಪುಟದ್ದು, ಫೀಸಿಲ್ಲ. ಎಷ್ಟೋ ಕೇಸುಗಳಲ್ಲಿ ಯಾರೂ ಹಾಕಿರುವುದೇ ಇಲ್ಲ.

ಒಬ್ಬ ಪಿಡಿಒ ಕೇಳಿದರು: "ನಮ್ಮ ಊರಿನ ಹುಡುಗನೊಬ್ಬ ಥಾಯ್ಲೆಂಡಿಗೆ ಕೆಲಸಕ್ಕೆ ಅಂತ ಹೋಗಿ ಸಿಕ್ಕಿಬಿದ್ದ. ಡಿಗ್ರಿ ಓದಿದವನು. ಅದೂ ಇದೇನಾ?"

ಇದೇ. ಡೇಟಾ ಎಂಟ್ರಿ ಅಂತ ಬ್ಯಾಂಕಾಕಿಗೆ ಕರೆಸಿ, ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಗೆ ಒಯ್ಯುತ್ತಾರೆ. ಇಲ್ಲವೇ ಕಾಂಬೋಡಿಯಾಕ್ಕೆ. ಪಾಸ್‌ಪೋರ್ಟ್ ಕಿತ್ತುಕೊಂಡು ಆನ್‌ಲೈನ್ ವಂಚನೆ ಮಾಡಿಸುತ್ತಾರೆ. ಬಿಡಬೇಕಾದರೆ "ನಿನ್ನ ಮೇಲೆ ಹಾಕಿದ ಖರ್ಚು ಕೊಡು" ಅನ್ನುತ್ತಾರೆ. ಮುಂಗಡ, ಕಿತ್ತುಕೊಂಡ ಕಾರ್ಡು, ತೀರದ ಲೆಕ್ಕ, ಎಲ್ಲ ಅದೇ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಅಂಥ 500ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದರು. ಅಲ್ಲಿ ಏನು ಮಾಡಿದೆ ಅಂತ ಹುಡುಗನನ್ನು ವಿಚಾರಿಸುವುದರಲ್ಲೇ ನಮ್ಮವರು ನಿಲ್ಲಬಾರದು. ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್ ಪಕ್ಕದ ಊರಿನಲ್ಲೇ ಇರುತ್ತಾನೆ. ಅವನ ಮೇಲೆ 143 ಹಾಕಿ. ಹೋಗುವ ಮುಂಚೆ ಏಜೆಂಟ್ ನೋಂದಾಯಿತನೋ ಅಂತ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಲು ಊರಿನ ಹುಡುಗರಿಗೆ ಹೇಳಿ.

ಕೊನೆಗೆ ಒಬ್ಬ ಅಂಗನವಾಡಿ ಮೇಡಂ ಎದ್ದು ನಿಂತರು: "ಗೂಡಿನ ಮಕ್ಕಳು ನಮ್ಮ ಕೇಂದ್ರಕ್ಕೆ ಬರಲ್ಲ. ಹೋಗಿ ಕೇಳಿದರೆ ಮೇಸ್ತ್ರಿ ಗದರುತ್ತಾನೆ. ನಾವು ಯಾರಿಗೆ ಹೇಳೋದು?"

ಮಕ್ಕಳು ಅಂದರೆ 1098, ತುರ್ತು ಅಂದರೆ 112. ಆದರೆ ಫೋನ್ ಮಾಡಿ ಸುಮ್ಮನಾಗಬೇಡಿ, ಎಸಿ ಅವರಿಗೆ ಒಂದು ಚೀಟಿ ಬರೆದು ಸ್ವೀಕೃತಿ ತಗೊಳ್ಳಿ. ಕಾಯ್ದೆಯ 13ನೇ ಕಲಂ ಪ್ರಕಾರ ಪ್ರತಿ ಉಪವಿಭಾಗದಲ್ಲೂ ಜೀತ ಜಾಗೃತಿ ಸಮಿತಿ ಇರಬೇಕು. ಎಸಿ ಅಧ್ಯಕ್ಷರು, ಅಲ್ಲಿಯೇ ವಾಸವಿರುವ ಪರಿಶಿಷ್ಟ ಜಾತಿ, ಪಂಗಡದ ಮೂವರು, ಇಬ್ಬರು ಸಮಾಜ ಸೇವಕರು, ಜೊತೆಗೆ ಇನ್ನು ಕೆಲವರು. ಆ ಮೂವರು ಯಾರು ಅಂತ ಈ ಸಭೆಯಲ್ಲಿ ಕೈ ಎತ್ತಿ ಹೇಳಿ ಅಂದೆ. ಒಂದೂ ಕೈ ಏಳಲಿಲ್ಲ. ಹಾಗಾದರೆ ನಾಳೆ ಎಸಿ ಕಚೇರಿಯಲ್ಲಿ ಆ ಹೆಸರುಗಳನ್ನೂ, ಸಮಿತಿ ಹಿಂದಿನ ಸಲ ಸೇರಿದ ದಿನದ ನಡಾವಳಿಯನ್ನೂ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಸಾಕು. ಅರ್ಜಿ ಬರೆದುಕೊಡಲು ನಾನು ಊಟದ ಹೊತ್ತಿನಲ್ಲಿ ಇಲ್ಲೇ ಇರುತ್ತೇನೆ.